ಫೈಲ್ ಮೂವ್ ಮಾಡುವ ಕೋಡ್‌ನಲ್ಲಿ ಅಳಿಸುವ ಸಾಲು ಎಲ್ಲಿರಬೇಕು?

ಕೊಡಗಿನ ಒಂದು ಕಾಫಿ ತೋಟದ ಆಫೀಸಿನಲ್ಲಿ ಮಳೆಮಾಪಕ ದಿನಕ್ಕೊಂದು ಸಿಎಸ್‌ವಿ ಫೈಲ್ ಬರೆಯುತ್ತದೆ, ರಾತ್ರಿ ಒಂದು ಪೈಥಾನ್ ಸ್ಕ್ರಿಪ್ಟ್ ಅದನ್ನು ಹೊರಗಿನ ಡಿಸ್ಕಿಗೆ ಸಾಗಿಸುತ್ತದೆ ಎಂದಿಟ್ಟುಕೊಳ್ಳಿ. ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಇಲ್ಲಿ ಮಾಮೂಲು. ಕಾಫಿ ಹೂವರಳಿಸುವ ಹೂಮಳೆ ಎಷ್ಟು ಇಂಚು ಬಿತ್ತೆಂಬ ಲೆಕ್ಕ ಒಮ್ಮೆ ಹೋದರೆ ಮತ್ತೆ ಅಳೆಯಲು ಆ ಮಳೆ ಬರುವುದಿಲ್ಲ.

ಒಂದೇ ಫೈಲ್‌ಸಿಸ್ಟಮ್ ಒಳಗೆ ರಿನೇಮ್ ಒಂದೇ ಏಟಿಗೆ ಮುಗಿಯುತ್ತದೆ. ಬೇರೆ ಡಿಸ್ಕಿಗಾದರೆ ಲಿನಕ್ಸ್ ಎರರ್ ನಂಬರ್ 18, ಅಂದರೆ ಇಎಕ್ಸ್‌ಡೆವ್ (ಡಿಸ್ಕ್ ಬೇರೆ ಎಂಬ ಎರರ್) ಕೊಡುತ್ತದೆ. ಪೈಥಾನ್‌ನ ಶಟಿಲ್ ಲೈಬ್ರರಿಯ ಮೂವ್ ಫಂಕ್ಷನ್ ಆಗ ಸದ್ದಿಲ್ಲದೆ ಕಾಪಿ ಮಾಡಿ, ಆಮೇಲೆ ಮೂಲವನ್ನು ಅಳಿಸುತ್ತದೆ. ಕಾಪಿ ನಡುವೆ ಡಿಸ್ಕ್ ತುಂಬಿದರೆ (ನಂಬರ್ 28) ಮೂಲ ಉಳಿಯುತ್ತದೆ, ಸರಿ. ಆದರೆ ಆ ಕಡೆ ಅರ್ಧ ಫೈಲ್ ಅದೇ ಹೆಸರಲ್ಲಿ ಬಿದ್ದಿರುತ್ತದೆ. ಮಾರನೇ ರಾತ್ರಿ ಸ್ಕ್ರಿಪ್ಟ್ 'ಈಗಾಗಲೇ ಹೋಗಿದೆ' ಎಂದುಕೊಂಡು ಮೂಲವನ್ನು ಅಳಿಸಿದರೆ ಕಥೆ ಮುಗಿಯಿತು. ಎರರ್ ಹಿಡಿಯುವ ಎಕ್ಸೆಪ್ಟ್ ಹಾಕಿ, ಒಳಗೆ ಏನೂ ಮಾಡದ ಪಾಸ್ ಎಂದು ಬರೆದಿದ್ದರೆ ಲಾಗ್‌ನಲ್ಲಿ ಸುಳಿವೂ ಇರುವುದಿಲ್ಲ.

ಸರಿಪಡಿಸುವುದು ಹೀಗೆ: ಗುರಿಯ ಫೋಲ್ಡರ್‌ನಲ್ಲೇ '.ಪಾರ್ಟ್' ಬಾಲದ ಹೆಸರಿಗೆ ಕಾಪಿ ಮಾಡಿ, ಎಫ್‌ಸಿಂಕ್ (ಮೆಮರಿಯಲ್ಲಿರುವುದನ್ನು ಡಿಸ್ಕಿಗೆ ಇಳಿಸುವ ಫಂಕ್ಷನ್) ಕರೆಯಿರಿ, ಸೈಜ್ ಮತ್ತು ಹ್ಯಾಶ್ (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತು) ಹೋಲಿಸಿ. ನಂತರ ನಿಜವಾದ ಹೆಸರಿಗೆ ರಿಪ್ಲೇಸ್ ಮಾಡಿ, ಫೋಲ್ಡರ್‌ಗೂ ಎಫ್‌ಸಿಂಕ್ ಮಾಡಿ. ಇಷ್ಟೂ ಆದ ಮೇಲೆಯೇ ಮೂಲವನ್ನು ಅಳಿಸಿ. ರಿಪ್ಲೇಸ್ ಹಳೆಯ ಫೈಲಿನ ಮೇಲೆ ಕೇಳದೆ ಬರೆಯುತ್ತದೆ, ಆದ್ದರಿಂದ ಅದೇ ಹೆಸರು ಮೊದಲೇ ಇದ್ದು ಹ್ಯಾಶ್ ಬೇರೆಯಾದರೆ ಅಲ್ಲಿಗೇ ನಿಲ್ಲಿಸಿ. ಎಫ್‌ಸಿಂಕ್ ಬಿಡಲೇಬೇಡಿ. ಬರೆದದ್ದು ಮೊದಲು ಮೆಮರಿಯಲ್ಲಿರುತ್ತದೆ, ಡಿಸ್ಕಿಗೆ ಇಳಿಯಲು ಲಿನಕ್ಸ್‌ನ ಡೀಫಾಲ್ಟ್‌ನಲ್ಲಿ ಸುಮಾರು 30 ಸೆಕೆಂಡ್ ಹಿಡಿಯಬಹುದು. ಹ್ಯಾಶ್ ತಾಳೆಯಾಯಿತೆಂದು ಸಮಾಧಾನಪಡುವ ಹಾಗಿಲ್ಲ. ಓದುವಾಗಲೂ ಅದೇ ಮೆಮರಿಯಿಂದಲೇ ಬಂದಿರಬಹುದು. ಮೂಲವನ್ನು ಅಳಿಸಲಾಗದಿದ್ದರೆ ಅದನ್ನು ಬೇರೆಯೇ ಎರರ್ ಎಂದು ಲಾಗ್ ಮಾಡಿ, ಯಾಕೆಂದರೆ ಆಗ ಡೇಟಾ ಎರಡೂ ಕಡೆ ಇದೆ.

ಟೆಸ್ಟ್‌ನಲ್ಲಿ ರಿನೇಮ್ ಫಂಕ್ಷನ್‌ನ್ನು ಮಂಕಿಪ್ಯಾಚ್ ಮಾಡಿ (ಅದರ ಜಾಗದಲ್ಲಿ ನಕಲಿ ಫಂಕ್ಷನ್ ಕೂರಿಸಿ) ಎರರ್ 18 ಎಸೆಯಿರಿ. ಡಿಸ್ಕ್ ತುಂಬುವುದಕ್ಕೆ 1 ಎಂಬಿಯ ಟೆಂಪ್‌ಎಫ್‌ಎಸ್ (ಮೆಮರಿಯಲ್ಲೇ ಇರುವ ತಾತ್ಕಾಲಿಕ ಫೈಲ್‌ಸಿಸ್ಟಮ್) ಮೌಂಟ್ ಮಾಡಿ 2 ಎಂಬಿ ಫೈಲ್ ಕಳಿಸಿ. ಕಾಪಿ ವಿಫಲವಾದ ಪ್ರತಿ ಸಲವೂ ನೋಡಬೇಕಾದ್ದು ಎರರ್ ಬಂತೇ ಎಂಬುದಷ್ಟೇ ಅಲ್ಲ: ಮೂಲ ಬೈಟ್ ಬೈಟೂ ಹಾಗೇ ಇದೆಯೇ, ಗುರಿಯಲ್ಲಿ ನಿಜವಾದ ಹೆಸರಿನ ಅರ್ಧ ಫೈಲ್ ಇಲ್ಲವೇ, ತಡೆ ತೆಗೆದು ಎರಡನೇ ಸಲ ಓಡಿಸಿದಾಗ ಕೆಲಸ ಮುಗಿಯುತ್ತದೆಯೇ?

ಮೂಲವನ್ನು ಅಳಿಸಲು ಅನುಮತಿಯಿಲ್ಲದ ಸ್ಥಿತಿಯ ಟೆಸ್ಟ್‌ನಲ್ಲಿ ಬಹಳ ಜನ ಎಡವುತ್ತಾರೆ. ಅಳಿಸಲು ಬೇಕಾದ್ದು ಫೈಲಿನ ಅನುಮತಿಯಲ್ಲ, ಅದಿರುವ ಫೋಲ್ಡರ್‌ಗೆ ಬರೆಯುವ ಅನುಮತಿ. ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಓಡಿಸಿದರೆ ಆ ತಡೆಯೂ ಲೆಕ್ಕಕ್ಕಿಲ್ಲ. ಟೆಸ್ಟ್ ಓಡಿಸಲು ಬಳಸುವ ಡಾಕರ್ ಕಂಟೇನರ್ (ಪ್ರೋಗ್ರಾಂಗೆ ಪ್ರತ್ಯೇಕ ಪರಿಸರ) ಸಾಮಾನ್ಯವಾಗಿ ರೂಟ್ ಆಗಿಯೇ ಓಡುತ್ತದೆ.

ಪ್ರೋಗ್ರಾಂ ಅನ್ನು ಬಲವಂತವಾಗಿ ನಿಲ್ಲಿಸುವ ಕಿಲ್ 9 ಕೊಟ್ಟರೆ ಕರೆಂಟ್ ಹೋದಂತಾಗುವುದಿಲ್ಲ. ಪ್ರೋಗ್ರಾಂ ಸಾಯುತ್ತದೆ, ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬದುಕಿರುತ್ತದೆ, ಅದರ ಮೆಮರಿಯಲ್ಲಿದ್ದದ್ದು ಡಿಸ್ಕಿಗೆ ಇಳಿದೇ ಇಳಿಯುತ್ತದೆ. ಎಫ್‌ಸಿಂಕ್ ಇಲ್ಲದ ತಪ್ಪು ಕಾಣಬೇಕಾದರೆ ವರ್ಚುವಲ್ ಮಷೀನ್ ಒಳಗೆ ಓಡಿಸಿ, ಮೂಲವನ್ನು ಅಳಿಸಿದ ಮರುಕ್ಷಣವೇ ಆ ಮಷೀನನ್ನು ಶಟ್‌ಡೌನ್ ಮಾಡದೆ ನೇರವಾಗಿ ಪವರ್ ಆಫ್ ಮಾಡಿ, ಮತ್ತೆ ಬೂಟ್ ಮಾಡಿ ಫೈಲಿನ ಸೈಜ್ ನೋಡಿ.