ಐದನೇ ತಲಿ ಬೀದರದ್ದು

ಅಮೃತಸರ ಇರ್ಲಿ, ಲಂಡನ್ ಇರ್ಲಿ, ಕೆನಡಾದ ಸರ್ರೆ ಇರ್ಲಿ, ಯಾವ ಗುರುದ್ವಾರಕ್ಕ ಹೋದ್ರೂ ದಿನಾ ಅರ್ದಾಸ್ ಅನ್ನೋ ಪ್ರಾರ್ಥನಾ ಮಾಡೋ ಹೊತ್ನ್ಯಾಗ ಗುರುಗಳ ಹೆಸರು ಹೇಳಿ ಮುಗಿಸಿ ಮುಂದ ‘ಪಂಜ್ ಪ್ಯಾರೆ’, ಅಂದ್ರ ಪ್ರೀತಿಯ ಐವರು, ಅಂತ ಐದು ಮಂದೀನ ನೆನೀತಾರ. ಆ ಐವರೊಳಗ ಒಬ್ಬವ ನಮ್ಮ ಬೀದರದವ, ಕ್ಷೌರದ ಕಾಯಕದ ಮನೆತನ, ಹೆಸರು ಸಾಹಿಬ್ ಚಂದ್. ಬೀದರ್ ಅಂದ್ರ ಕೋಟಿ, ಬಿದ್ರಿ ಸಾಮಾನು, ಗವಾನ್ ಮದರಸಾ ಅಂತ ಪಟಪಟ ಹೇಳೋ ನಮ್ಮ ಮಂದಿಗೆ ಈ ಮನಷ್ಯಾನ ಹೆಸರು ಹೇಳಿದ್ರ ಯಾರ್ರೀ ಅವ ಅಂತಾರ. ವೈಶಾಖಿ ಬಂತಂದ್ರ ಟೀವಿದಾಗ ಢೋಲು, ಭಾಂಗ್ರಾ, ಬಣ್ಣಬಣ್ಣದ ಪಗಡಿ ಎಲ್ಲಾ ತೋರಸ್ತಾರ, ಛಲೋನ ಇರ್ತದ, ನನಗ ಮಾತ್ರ ಮೊದ್ಲು ನೆನಪಾಗೋದು ಇವನೇ.

ವೈಶಾಖಿ ಏಪ್ರಿಲ್ 13ಕ್ಕೋ 14ಕ್ಕೋ ಬರ್ತದ, ಸೂರ್ಯ ಮೇಷ ರಾಶಿಗೆ ಕಾಲಿಡೋ ಲೆಕ್ಕ. ಮಂಗಳೂರು ಉಡುಪಿ ಕಡಿ ಬಿಸು, ಕೇರಳದ ವಿಷು, ತಮಿಳರ ಪುತ್ತಾಂಡು ಎಲ್ಲಾ ಅದೇ ಆಸುಪಾಸು. ನಮ್ಮದು ಚಾಂದ್ರಮಾನ ಯುಗಾದಿ. ಸಿಖ್ಖರ ಹೊಸ ವರ್ಷ ಅಂತ ಎಲ್ಲಾರೂ ವಾಟ್ಸಾಪ್‌ನ್ಯಾಗ ಕಳಸ್ತಾರ, ಪಂಜಾಬಿನ ರೂಢಿ ಪ್ರಕಾರ ತಪ್ಪೇನಲ್ಲ, ಆದ್ರ 2003ರಾಗ ಬಂದ ನಾನಕಶಾಹಿ ಕ್ಯಾಲೆಂಡರ್ ನೋಡಿದ್ರ ವರ್ಷ ಶುರು ಆಗೋದು ಚೇತ್ ತಿಂಗಳಿಗೆ, ಮಾರ್ಚ್ 14ಕ್ಕ. ವೈಶಾಖ ಎರಡನೇ ತಿಂಗಳು. ಇರ್ಲಿ ಬಿಡ್ರಿ, ಹಬ್ಬಕ್ಕ ಕ್ಯಾಲೆಂಡರಿನ ಪರ್ಮಿಷನ್ ಯಾರೂ ಕೇಳಂಗಿಲ್ಲ.

ಸುಗ್ಗಿ ಹಬ್ಬ ಅಂತಾರಲ್ಲ, ಅದರಾಗ ಒಂದು ವಿಷಯ ನೋಡ್ರಿ. ಪಂಜಾಬಿನಾಗ ದೀಪಾವಳಿ ಆಸುಪಾಸು ಬಿತ್ತಿದ ಗೋದಿ ಏಪ್ರಿಲ್ ಹೊತ್ತಿಗೆ ಬಂಗಾರದ ಬಣ್ಣಕ್ಕ ತಿರಗ್ತದ, ಕೊಯ್ಲು ಶುರು ಆಗೋದೇ ವೈಶಾಖಿ ಹಿಂದ ಮುಂದ. ಅಂದ್ರ ಹಬ್ಬದ ದಿನ ಎಷ್ಟೋ ಹೊಲದಾಗ ಬೆಳಿ ಇನ್ನೂ ನಿಂತೇ ಇರ್ತದ, ಮನಿಗೆ ಬಂದಿಲ್ಲ, ಮಂಡಿಗೆ ಹೋಗಿಲ್ಲ, ರೊಕ್ಕ ಕೈಗೆ ಸಿಕ್ಕಿಲ್ಲ. ಒಂದು ಅಕಾಲಿಕ ಮಳಿ ಬಂದ್ರ, ಆಣಿಕಲ್ಲು ಬಿದ್ರ ನಿಂತ ಗೋದಿ ನೆಲಕ್ಕ ಮಲಗ್ತದ. ಆ ಅಂಜಿಕಿ ಇಟಗೊಂಡೇ ರೈತ ಗುರುದ್ವಾರಕ್ಕ ಬಂದು ಹಣಿ ನೆಲಕ್ಕ ಹಚ್ಚಿ ಶುಕರ್ ಅದ ದೇವ್ರೇ ಅಂತಾನ. ನಮ್ಮ ಕಡಿ ಎಳ್ಳ ಅಮಾಸಿಗೆ ನಿಂತ ಜ್ವಾಳದ ಹೊಲಕ್ಕ ಹೋಗಿ ಚರಗ ಚೆಲ್ತೀವಲ್ಲ, ಹಂಗ. ರಾಶಿ ಆದ ಮ್ಯಾಲ ಥ್ಯಾಂಕ್ಸ್ ಹೇಳೋದು ವ್ಯವಹಾರ ಆತು, ಕಾಳು ಇನ್ನೂ ತೆನಿಯೊಳಗ ಇದ್ದಾಗಲೇ ಕೈ ಮುಗಿಯೋದು ಬ್ಯಾರೇನೇ. ಸಾಹಿಬ್ ಚಂದನ ಕಥಿ ಓದ್ದಾಗಲೂ ನನಗ ಇದೇ ಕಾಣಿಸ್ತದ, ಏನ್ ಸಿಗ್ತದ ಅಂತ ಗೊತ್ತಿಲ್ಲದಾಗಲೇ ಕೊಟ್ಟುಬಿಟ್ಟ.

ಆ ಕಥಿ ನಡದದ್ದು ಆನಂದಪುರ ಸಾಹಿಬದಾಗ, ಶಿವಾಲಿಕ್ ಗುಡ್ಡದ ಬುಡಕ್ಕ ಸಟ್ಲೆಜ್ ನದಿ ಹತ್ರ. ಒಂಬತ್ತನೇ ಗುರು ತೇಗ್ ಬಹಾದೂರ್ 1665ರಾಗ ಕಟ್ಟಿದ ಊರು. ಮುಂದ 1675ರ ನವೆಂಬರ್‌ದಾಗ ಔರಂಗಜೇಬನ ಆಳ್ವಿಕಿಯೊಳಗ ದಿಲ್ಲಿ ಚಾಂದನಿ ಚೌಕದಾಗ ಅವರ ತಲಿ ತಗದ್ರು. ಭಾಯಿ ಜೈತಾ ಅಂತ ಒಬ್ಬವ, ಮಂದಿ ಕೀಳು ಜಾತಿ ಅಂತಿದ್ದ ಮನೆತನದವ, ಆ ತಲೀನ ಬಟ್ಟ್ಯಾಗ ಸುತಗೊಂಡು ಆನಂದಪುರಕ್ಕ ತಂದ. ಮಗ ಗೋಬಿಂದ್ ರಾಯ್‌ಗೆ ಆಗ ಇನ್ನೂ ಒಂಬತ್ತು ತುಂಬಿರ್ಲಿಲ್ಲ. ತಂದೀ ತಲಿ ತಂದವನ್ನ ಆ ಹುಡುಗ ಅಪ್ಪಿಕೊಂಡು ‘ರಂಗ್ರೇಟೆ ಗುರು ಕೆ ಬೇಟೆ’, ರಂಗ್ರೇಟಾ ಜಾತಿಯ ನೀವು ಗುರುವಿನ ಮಕ್ಕಳು ಅಂದ ಅಂತ ಸಿಖ್ಖರು ಇವತ್ತಿಗೂ ಹೇಳ್ತಾರ. ಆ ತಲೀಗೆ ಆನಂದಪುರದಾಗೇ ಸಂಸ್ಕಾರ ಆತು, ಅಲ್ಲಿ ಈಗ ಸೀಸ್ ಗಂಜ್ ಗುರುದ್ವಾರ ಅದ.

ಇದನ್ನ ಯಾಕ ಹೇಳ್ದೆ ಅಂದ್ರ, ವೈಶಾಖಿ ಕಥಿ ಹೇಳೋರು ಭಾಳ ಮಂದಿ ಸೀದಾ 1699ಕ್ಕ ಜಿಗೀತಾರ, ಗುರು ಕತ್ತಿ ಹಿಡಕೊಂಡು ತಲಿ ಕೇಳಿದ್ರು ಅಂತ ಏನೋ ಪವಾಡದಂಗ ಹೇಳಿ ಮುಗಸ್ತಾರ. ಆ ಊರಿಗೆ ಒಂದು ತಲಿ ಮೊದಲೇ ಬಂದಿತ್ತು ಅನ್ನೋದು ಗೊತ್ತಿದ್ರ ಆ ಪ್ರಶ್ನಿ ಹೊಟ್ಟಿಯೊಳಗ ಇಳೀತದ.

1699ರ ವೈಶಾಖಿ, ಆಗಿನ ಇಂಗ್ಲಿಷರ ಹಳೇ ಕ್ಯಾಲೆಂಡರ್ ಪ್ರಕಾರ ಮಾರ್ಚ್ 30. ವೈಶಾಖಿಗೆ ಗುರುವಿನ ಹತ್ರ ಕೂಡೋ ಪದ್ಧತಿ ಮೂರನೇ ಗುರು ಅಮರದಾಸರು ಗೋಯಿಂದ್‌ವಾಲದಾಗ ಶುರು ಮಾಡಿದ್ದು, ಹಂಗಾಗಿ ದೂರದೂರದಿಂದ ಮಂದಿ ಬರೋದು ಹೊಸಾದಲ್ಲ. ಆದ್ರ ಆ ವರ್ಷ ಹತ್ತನೇ ಗುರು ಗೋಬಿಂದ್ ರಾಯರು ಬಿಚ್ಚಿದ ಕತ್ತಿ ಹಿಡಕೊಂಡು ಸಂಗತ್, ಅಂದ್ರ ಕೂಡಿದ ಭಕ್ತರ ಮುಂದ ನಿಂತು ನನಗೊಂದು ತಲಿ ಬೇಕು, ಯಾರ್ ಕೊಡ್ತೀರಿ ಅಂತ ಕೇಳಿದ್ರು. ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ರು. ಮತ್ತ ಕೇಳಿದ್ರು. ಲಾಹೋರಿನ ದಯಾ ರಾಮ್ ಎದ್ದ, ಖತ್ರಿ ಮನೆತನದವ. ಅವನ್ನ ಡೇರೆದೊಳಗ ಕರಕೊಂಡು ಹೋದ್ರು, ಹೊರಗ ಬಂದಾಗ ಗುರುಗಳು ಒಬ್ಬರೇ, ಕತ್ತಿಯಿಂದ ರಕ್ತ ತೊಟ್ಟಿಕ್ತಿತ್ತು, ಇನ್ನೊಂದು ತಲಿ ಬೇಕು ಅಂದ್ರು. ಹಸ್ತಿನಾಪುರದ ಧರಮ್ ದಾಸ್ ಎದ್ದ, ಒಕ್ಕಲುತನದ ಜಾಟ. ಆಮ್ಯಾಲ ಪುರಿ ಜಗನ್ನಾಥದ ಹಿಮ್ಮತ್ ರಾಯ್, ನೀರು ಹೊರೋವ. ದ್ವಾರಕಾದ ಮೊಹ್ಕಮ್ ಚಂದ್, ಬಟ್ಟಿ ಮ್ಯಾಲ ಅಚ್ಚು ಹೊಡಿಯೋವ. ಕಡೀಕ ನಮ್ಮವ.

ನನಗ ಈ ಐದನೇದವನ ಮ್ಯಾಲೇ ಮನಸ್ಸು ಯಾಕಂದ್ರ, ಮೊದಲನೇದವ ಎದ್ದಾಗ ಡೇರೆದೊಳಗ ಏನದ ಯಾರಿಗೂ ಗೊತ್ತಿರ್ಲಿಲ್ಲ, ಭಕ್ತಿಯ ಒಂದು ಹುಮ್ಮಸ್ಸಿನಾಗ ಎದ್ದಿರಬಹುದು, ಗುರುಗಳು ಪರೀಕ್ಷಾ ಮಾಡ್ಲಿಕತ್ಯಾರ ಅಂತ ಒಳಗ ಒಂದು ಆಸೀನೂ ಇದ್ದಿರಬಹುದು. ಐದನೇದವಗ ಆ ಆಸಿ ಎಲ್ಲಿಂದ ಬರಬೇಕು? ನಾಕು ಮಂದಿ ಒಳಗ ಹೋಗಿದ್ದು ನೋಡ್ಯಾನ, ನಾಕು ಸಲ ಕತ್ತಿ ಕೆಂಪಾಗಿ ಹೊರಗ ಬಂದಿದ್ದು ನೋಡ್ಯಾನ, ಒಬ್ಬರೂ ತಿರುಗಿ ಬಂದಿಲ್ಲ. ಎಲ್ಲಾ ಗೊತ್ತಿದ್ದೇ ಎದ್ದ. ನಾಕು ಮಂದಿ ದಾರಿ ಹಾಕಿದ ಮ್ಯಾಲ ಐದನೇದವಗ ಏನ್ ಕಷ್ಟ ಅಂತ ಒಬ್ರು ನನ್ನ ಕೂಡ ವಾದ ಮಾಡಿದ್ರು, ನಾ ಒಪ್ಪಂಗಿಲ್ಲ.

ಇನ್ನೊಂದು ಮಾತು, ಇವ ಕ್ಷೌರದವ. ಕತ್ತರಿ, ಕತ್ತಿ ಹಿಡಿಯೋ ಕಸುಬಿನ ಮನಿ. ಆವತ್ತು ಗುರುಗಳು ಕಟ್ಟಿದ ದೀಕ್ಷಾ ತಗೊಂಡ ಸಿಖ್ಖರ ಪಂಗಡಕ್ಕ ಖಾಲ್ಸಾ ಅಂತಾರ. ಖಾಲ್ಸಾ ಆದವ ಒಂದು ಕೂದಲ ಸುದ್ದಾ ಕತ್ತರಸಂಗಿಲ್ಲ, ಅವ ಮೈಮ್ಯಾಲ ಇಟಗೋಬೇಕಾದ ಐದು ಕಕಾರದೊಳಗ, ‘ಕ’ದಿಂದ ಶುರು ಆಗೋ ಐದು ಗುರುತಿನೊಳಗ, ಕೇಶ ಅನ್ನೋದೇ ಮೊದಲಿಂದು. ಅಂದ್ರ ಉಳದವರು ತಲಿ ಕೊಟ್ರ ಇವ ತಲಿ ಕೂಡ ಹೊಟ್ಟಿಪಾಡಿನ ಕಸುಬೂ ಕೊಟ್ಟ. ಇದನ್ನ ಯಾರೂ ದೊಡ್ಡದು ಮಾಡಿ ಹೇಳಂಗಿಲ್ಲ, ನನಗಂತೂ ಭಾಳ ದೊಡ್ಡದು ಅನಸ್ತದ.

ಡೇರೆದೊಳಗ ಖರೇನ ಏನ್ ಆತು, ಮೇಕಿ ಕಡದ್ರಾ, ಏನ್ ಕಥಿ ಅಂತ ಜಗಳ ಆಡೋರು ಅದಾರ. ನಾ ಆ ಜಗಳಕ್ಕ ಹೋಗಂಗಿಲ್ಲ. ಎದ್ದವರಿಗೆ ಅದು ಗೊತ್ತಿರ್ಲಿಲ್ಲ, ನನಗಷ್ಟು ಸಾಕು. ಸ್ವಲ್ಪ ಹೊತ್ತಿಗೆ ಐವರೂ ಹೊಸ ಬಟ್ಟಿ ಉಟ್ಟು ಗುರುಗಳ ಜೋಡಿ ಹೊರಗ ಬಂದ್ರು. ಕಬ್ಬಿಣದ ಬಟ್ಟಲದಾಗ ನೀರು ಹಾಕಿ, ಗುರುಗಳು ಬಾಣಿ, ಅಂದ್ರ ಪವಿತ್ರ ಪದ ಹೇಳಕೋತ ಎರಡು ಅಲಗಿನ ಖಂಡಾದಿಂದ ತಿರುವಿದ್ರು, ಗುರುಗಳ ಪತ್ನಿ ಮಾತಾಜಿ ಬಂದು ಅದರಾಗ ಪತಾಸಿ ಹಾಕಿದ್ರು, ಉಕ್ಕಿನ ಜೋಡಿ ಸಕ್ಕರಿ. ಒಂದೇ ಬಟ್ಟಲದಿಂದ ಐವರೂ ಕುಡದ್ರು. ಖತ್ರಿ, ಜಾಟ, ನೀರು ಹೊರೋವ, ಅಚ್ಚು ಹೊಡಿಯೋವ, ಕ್ಷೌರದವ, ಎಲ್ಲಾರಿಗೂ ಸಿಂಗ್ ಅಂತ ಒಂದೇ ಹೆಸರು. ಒಂದೇ ಕೊಡದ ನೀರು ಮುಟ್ಟಿದ್ರ ಮೈಲಿಗಿ ಅನ್ನೋ ಕಾಲ ಅದು, ನೆನಪಿರ್ಲಿ. ಅಷ್ಟಾದ ಮ್ಯಾಲ ಗುರುಗಳು ತಾವೇ ಆ ಐವರ ಮುಂದ ಕೈ ಜೋಡಿಸಿ ನನಗೂ ಅಮೃತ ಕೊಡ್ರಿ ಅಂದ್ರು. ನಾವು ತಲಿ ಕೊಟ್ಟೀವಿ, ನೀವೇನ್ ಕೊಡ್ತೀರಿ ಅಂತ ಐವರು ಕೇಳಿದ್ರಂತ, ನನ್ನ ಇಡೀ ವಂಶ ಅಂದ್ರಂತ. ಗೋಬಿಂದ್ ರಾಯ್ ಇದ್ದವರು ಗೋಬಿಂದ್ ಸಿಂಗ್ ಆದ್ರು. ಬೀದರದ ಕ್ಷೌರದವನ ಕೈಯಾಗಿನ ದೀಕ್ಷಾ ಗುರುವಿಗೆ! ‘ಆಪೇ ಗುರು ಚೇಲಾ’, ತಾನೇ ಗುರು ತಾನೇ ಶಿಷ್ಯ ಅಂತ ಕೀರ್ತನೆದಾಗ ಹಾಡೋದು ಇದನ್ನೇ.

ಇದು ಬರೀ ಶಾಸ್ತ್ರಕ್ಕ ಮಾಡಿದ್ದಲ್ಲ. ಮುಂದ ಆರೇಳು ವರ್ಷದೊಳಗ ಚಮ್ಕೌರದ ಮಣ್ಣಿನ ಗಢಿದಾಗ ಮೊಘಲ್ ಸೈನ್ಯ ಮುತ್ತಿದಾಗ ಒಳಗ ಇದ್ದದ್ದು ನಲವತ್ತು ಮಂದಿ ಸಿಖ್ಖರು. ಗುರುಗಳ ದೊಡ್ಡ ಮಕ್ಕಳು ಅಜಿತ್ ಸಿಂಗ್, ಜುಝಾರ್ ಸಿಂಗ್ ಅಲ್ಲೇ ಜೀವ ಬಿಟ್ರು. ಹಿಮ್ಮತ್ ಸಿಂಗ್, ಮೊಹ್ಕಮ್ ಸಿಂಗ್, ನಮ್ಮ ಸಾಹಿಬ್ ಸಿಂಗ್ ಮೂವರೂ ಅಲ್ಲೇ ಹೋದ್ರು. ಆ ರಾತ್ರಿ ಉಳದ ಐದು ಮಂದಿ ಸಿಖ್ಖರು ಕೂಡಿ, ನೀವು ಇಲ್ಲಿಂದ ಹೊರಡಬೇಕು, ಇದು ಖಾಲ್ಸಾದ ಹುಕುಂ ಅಂತ ಗುರುಗಳಿಗೆ ಹೇಳಿದ್ರು. ಗುರುಗಳು ಕೇಳಿದ್ರು, ಹೊರಟ್ರು. ಮಾತು ಕೊಟ್ಟಂಗ ಸಣ್ಣ ಮಕ್ಕಳಿಬ್ಬರೂ ಸರಹಿಂದದಾಗ ಹೋದ್ರು. ಶಿಷ್ಯರಿಗೆ ಅಧಿಕಾರ ಕೊಡ್ತೀನಿ ಅನ್ನೋದು ಸರಳ, ಮಕ್ಕಳನ್ನ ಕಳಕೊಂಡ ರಾತ್ರಿ ಶಿಷ್ಯರ ಹುಕುಂ ಪಾಲಿಸೋದು...

ಗುರುದ್ವಾರದಾಗ ಕಡಾ ಪ್ರಸಾದ ತಗೊಂಡಿರ್ತೀರಿ. ಹಿಟ್ಟು, ತುಪ್ಪ, ಸಕ್ಕರಿ ಮೂರೂ ಸಮ ಸಮ, ಎರಡೂ ಬೊಗಸಿ ಒಡ್ಡಿದ್ರ ಬಿಸಿಬಿಸಿ ಮುದ್ದಿ ಹಾಕ್ತಾರ, ತಿಂದ ಮ್ಯಾಲ ಅಂಗೈ ತುಪ್ಪದಿಂದ ಮಿರಮಿರ ಅಂತಿರ್ತದ, ಗೊತ್ತಿದ್ದವರು ಕೈ ತೊಳ್ಯಂಗಿಲ್ಲ, ಎರಡೂ ಕೈ ಉಜ್ಜಿ ಮಾರಿಗೆ ಸವರಕೋತಾರ. ಆದ್ರ ಹಂಚೋಕ ಮೊದ್ಲು ಏನ್ ಮಾಡ್ತಾರ ಅಂತ ಒಮ್ಮೆ ಲಕ್ಷ ಕೊಟ್ಟು ನೋಡ್ರಿ. ಅರ್ದಾಸ್ ಆದ ಮ್ಯಾಲ ಕಿರ್ಪಾನ್ ಅನ್ನೋ ಕತ್ತಿ ಮುಟ್ಟಿಸಿ, ಮೊದಲು ಐದು ಪಾಲು ತಗೀತಾರ. ಪಂಜ್ ಪ್ಯಾರೆಗಳ ಪಾಲು ಅದು. ಅದನ್ನ ಅಮೃತಧಾರಿ, ಅಂದ್ರ ಅಮೃತ ಕುಡದು ದೀಕ್ಷಾ ತಗೊಂಡ ಸಿಖ್ಖರಿಗೆ ಕೊಟ್ಟ ಮ್ಯಾಲೇ ಉಳದ ಸಂಗತ್‌ಗೆ. ಅಂದ್ರ ಮಂತ್ರಿ ಬಂದಿರ್ಲಿ, ಕೋಟ್ಯಾಧೀಶ ಬಂದಿರ್ಲಿ, ಬೀದರದ ಆ ಮನಷ್ಯಾನ ಪಾಲು ತಗದ ಮ್ಯಾಲೇ ಅವರ ಪಾಲು. ಬೀದರದ ನಾನಕ ಝಿರಾ ಗುರುದ್ವಾರದಾಗ ಮೊದಲ ಸಲ ಇದನ್ನ ಒಬ್ರು ಸೇವಾದಾರರು ನನಗ ಬಿಡಿಸಿ ಹೇಳಿದಾಗ ಕೈಯಾಗಿನ ಪ್ರಸಾದ ಬಾಯಿಗೆ ಹೋಗವಲ್ದು, ಗಂಟಲ ಕಟ್ಟಿತ್ತು.

ನಾನಕ ಝಿರಾ ಗೊತ್ತಲ್ಲ, ಬೀದರದಾಗ ಗುರು ನಾನಕರು ಬಂದಾಗ ಕುಡಿಯೋ ನೀರಿಗೆ ಮಂದಿ ಒದ್ದಾಡೋದು ನೋಡಿ ಪಾವುಗೆಯಿಂದ ಕಲ್ಲು ಸರಿಸಿದ್ರು, ಸಿಹಿನೀರಿನ ಊಟಿ ಹುಟ್ಟಿತು ಅಂತ ನಂಬಿಕಿ, ಕೆಂಪು ಜಂಬಿಟ್ಟಿಗಿ ಬಂಡಿಯಿಂದ ಆ ನೀರು ಈಗಲೂ ಬರ್ತದ. ಮಂದಿ ಬಾಟಲಿದಾಗ ತುಂಬಕೊಂಡು ಹೋಗ್ತಾರ. ವೈಶಾಖಿ ಅಂದ್ರ ಗುರುದ್ವಾರದಾಗ ಅಖಂಡ ಪಾಠ ಇಡ್ತಾರ, ಗುರು ಗ್ರಂಥ ಸಾಹಿಬದ 1430 ಪುಟ ಸುಮಾರು 48 ತಾಸು ಒಂದೇ ಸಮ, ಒಬ್ಬರು ದಣಿದ್ರ ಇನ್ನೊಬ್ಬರು ಸಾಲು ತುಂಡಾಗದಂಗ ಎತಗೋತಾರ. ನಿಶಾನ್ ಸಾಹಿಬ ಅನ್ನೋ ಗುರುದ್ವಾರದ ಧ್ವಜದ ಕಂಬಕ್ಕ ಸುತ್ತಿದ ಹಳೇ ಬಟ್ಟಿ ಬಿಚ್ಚಿ, ಕಂಬ ಹಾಲು ನೀರಿನಿಂದ ತೊಳದು ಹೊಸ ಬಟ್ಟಿ ತೊಡಸ್ತಾರ. ಎಷ್ಟು ಮಂದಿ ಕೈ ಹಚ್ಚಲಿಕ್ಕೆ ನುಗ್ಗತಾರಂದ್ರ ಸೇವಾದಾರರು ಸಾವಕಾಶ ಸಾವಕಾಶ ಅಂತ ಒದರಬೇಕಾಗ್ತದ. ಅದೇ ಬೀದರ್ ಜಿಲ್ಲಾದಾಗ ಬಸವಕಲ್ಯಾಣ ಅದ, ಕಾಯಕ ದಾಸೋಹ ಅಂತ ನಮಗ ಸಣ್ಣಿರ್ತ ಹೇಳ್ಯಾರ, ಇವರು ಕಿರತ್ ಕರೋ, ವಂಡ್ ಛಕೋ ಅಂತಾರ, ದುಡದು ಹಂಚಿ ತಿನ್ರಿ ಅಂತ. ಸಾಹಿಬ್ ಚಂದನ ಕಿವಿಗೆ ಶರಣರ ಮಾತು ಬಿದ್ದಿತ್ತು ಅಂತ ನಾ ಹೇಳಂಗಿಲ್ಲ, ಹಂಗ ಹೇಳಿ ಅವನ್ನ ನಮ್ಮ ಕಡಿ ಎಳಕೊಳ್ಳೋ ಆಸಿನೂ ಇಲ್ಲ. ಅವ ಆನಂದಪುರದವನಾಗಿ ಹೋದ.

ಈ ಹಬ್ಬಕ್ಕ ಒಂದು ಗಾಯನೂ ಅದ. 1919ರ ಏಪ್ರಿಲ್ 13, ಅದೂ ವೈಶಾಖಿನೇ, ಅಮೃತಸರದ ಜಲಿಯನ್‌ವಾಲಾ ಬಾಗ್. ಹಬ್ಬಕ್ಕಂತ ಹಳ್ಳಿಯಿಂದ ಬಂದವರೂ ಆ ಗುಂಪಿನೊಳಗ ಇದ್ರು. ಸರ್ಕಾರಿ ಲೆಕ್ಕದಾಗೇ 379 ಮಂದಿ ಸತ್ರು, ಆ ಲೆಕ್ಕ ಅಲ್ಲಿಯವರು ಒಪ್ಪಿಲ್ಲ, ಖರೇ ಲೆಕ್ಕ ಅದಕ್ಕಿಂತ ಭಾಳ ಜಾಸ್ತಿ ಅಂತಾರ. ತಿಂಗಳ ಮೊದಲ ದಿನ, ಸಂಗ್ರಾಂದಕ್ಕ, ಗುರುದ್ವಾರದಾಗ ಹನ್ನೆರಡೂ ತಿಂಗಳಿಗೆ ಒಂದೊಂದು ಪದ ಇರೋ ಗುರು ಅರ್ಜನರ ಬಾರಹ್ ಮಾಹದಿಂದ ಆ ತಿಂಗಳ ಪದ ಓದ್ತಾರ. ವೈಶಾಖದ ಪದದಾಗ ಸುಗ್ಗಿ ಇಲ್ಲ, ಕುಣಿತ ಇಲ್ಲ, ಪ್ರೀತಿಯವನಿಂದ ಅಗಲಿದವರಿಗೆ ಈ ವೈಶಾಖದಾಗ ಸಮಾಧಾನ ಹೆಂಗ ಬರಬೇಕು ಅಂತ ಕೇಳ್ತದ, ಅವನು ಸಿಕ್ರೇನೇ ವೈಶಾಖ ಚಂದ ಅಂತ ಮುಗೀತದ. ಹೊರಗ ಢೋಲು ಬಡೀತಿರ್ತದ, ಒಳಗ ಇದು ನಡದಿರ್ತದ. ಎರಡೂ ಬೇಕು ಅನಸ್ತದ ನನಗ.

ಬೀದರದಿಂದ ಹತ್ತು ಹನ್ನೊಂದು ಕಿಲೋಮೀಟರ್‌ಗೆ ಜನವಾಡ ಅದ. ಭಾಯಿ ಸಾಹಿಬ್ ಸಿಂಗ್ ಹೆಸರಿನ ಗುರುದ್ವಾರ ಆ ಕಡೇನೇ, ಮುಕ್ತಸರದ ಯುದ್ಧದಾಗ ಕತ್ತಿ ಹಿಡದ ಮಾಯಿ ಭಾಗೋ ಅನ್ನೋ ಹೆಣ್ಣಮಗಳು, ಗುರು ಗೋಬಿಂದ್ ಸಿಂಗ್ ನಾಂದೇಡದಾಗ ದೇಹ ಬಿಟ್ಟ ಮ್ಯಾಲ, ಬಂದು ಕಡೀತನಕ ತಪಸ್ಸು ಮಾಡಿದ ಜಾಗ ಜನವಾಡದಾಗೇ. ಪಂಜಾಬಿಂದ ನಾಂದೇಡಕ್ಕ ಬಂದವರು ಹುಡಕ್ಕೊಂಡು ಬರ್ತಾರ, ನಮ್ಮವರು ಬೈಕ್ ಮ್ಯಾಲ ಅದರ ಮುಂದೇ ಹಾದು ಹೋಗ್ತಾರ. ಈ ಸಲ ವೈಶಾಖಿಗೆ ಹೋಗ್ರಿ. ಚಪ್ಪಲ ಬಿಟ್ಟು ಕಾಲು ತೊಳಕೊಂಡು ತಲಿಗೆ ಬಟ್ಟಿ ಕಟಗೊಂಡು ಹೋಗ್ರಿ, ಕರ್ಚೀಫ್ ಮರತಿದ್ರ ಬಾಗಲದಾಗೇ ಇಟ್ಟಿರ್ತಾರ. ಲಂಗರ್, ಅಂದ್ರ ಗುರುದ್ವಾರದ ದಾಸೋಹದಾಗ ಪಂಗತಿಗೆ ಕುಂತಾಗ ‘ಪರ್ಶಾದಾ ಜೀ’ ಅಂತ ಬಂದ್ರ ರೊಟ್ಟಿಗೆ ಎರಡೂ ಕೈ ಒಡ್ರಿ, ಒಂದೇ ಕೈ ಚಾಚಿದ್ರ ಹಾಕಂಗಿಲ್ಲ, ನಿಂತು ಕಾಯ್ತಾರ. ತಾಟಿನಾಗ ಬಿಡೋಹಂಗಿದ್ರ ಮೊದ್ಲೇ ಬ್ಯಾಡ ಅನ್ರಿ. ಊಟ ಆದ ಮ್ಯಾಲ ಹಿಂದ ಹೋಗಿ ಒಂದ್ ತಾಸು ತಾಟು ತೊಳ್ರಿ, ಯಾರ್ ನೀವು ಎಲ್ಲಿಯವರು ಅಂತ ಯಾರೂ ಕೇಳಂಗಿಲ್ಲ.