ಎಂಟು ಕಣ್ಣಾ, ಮಿಸ್?

ಕಾಗುಣಿತವನ್ನು ಹಾಡಿನ ಹಾಗೆ ಹೇಳುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಕ, ಕಾ, ಕಿ, ಕೀ ಅಂತ ಒಂದೇ ಉಸಿರಿಗೆ ಮುಗಿಸುತ್ತಾರೆ. ನಡುವಿನ 'ಕೇ' ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿ ನೋಡಿ. ಮನಸ್ಸಲ್ಲೇ ಮತ್ತೆ 'ಕ'ದಿಂದ ಶುರು ಮಾಡಿ ಎಣಿಸಿಕೊಂಡು ಬರುತ್ತಾರೆ. ನಾನು ಕಲಿಸುವ ಮೂರನೇ ತರಗತಿಯಲ್ಲಿ ಅಂಥ ಒಬ್ಬ ಹುಡುಗನಿದ್ದ. ಎಲ್ಲರೂ ಸೇರಿ ಪಾಠ ಓದುವಾಗ ಅವನ ತುಟಿಯೂ ಆಡುತ್ತಿತ್ತು. ದನಿ ಮಾತ್ರ ಪ್ರತಿ ಸಾಲಿನ ಕೊನೆಯ ಅಕ್ಷರಕ್ಕೆ ಬಂದು ಸೇರಿಕೊಳ್ಳುತ್ತಿತ್ತು.

ಆದರೆ ದಿನದ ಕೊನೆಗೆ ನಾನು ಕಥೆ ಓದಿ ಹೇಳುವಾಗ ಎಲ್ಲರಿಗಿಂತ ಮುಂದೆ ಬಂದು ಕೂರುವವನು ಅವನೇ. ಆ ಹೊತ್ತಿನಲ್ಲಿ ನಾನು ಪ್ರಶ್ನೆ ಕೇಳುವುದಿಲ್ಲ, ನೀತಿ ಹೇಳುವುದಿಲ್ಲ, ಸುಮ್ನೆ ಓದುತ್ತೇನೆ. ಮುಂದೇನಾಗುತ್ತೆ ಅಂತ ಮೊದಲು ಊಹಿಸುವವನೂ ಅವನೇ.

1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಓದನ್ನು ಒಂದು ಗುಣಾಕಾರ ಅಂದರು. ಅಕ್ಷರ ಬಿಡಿಸಿ ಓದುವ ಶಕ್ತಿ ಒಂದು, ಭಾಷೆ ಅರ್ಥವಾಗುವ ಶಕ್ತಿ ಇನ್ನೊಂದು. ಯಾವುದು ಸೊನ್ನೆಯಾದರೂ ಉತ್ತರ ಸೊನ್ನೆಯೇ. ಈ ಹುಡುಗನಿಗೆ ಎರಡನೆಯದು ಧಾರಾಳವಾಗಿತ್ತು. ಅದೇ ತರಗತಿಯ ಒಬ್ಬಳು ಹುಡುಗಿ ಇಡೀ ಪುಟವನ್ನು ಸರಸರನೆ ಓದುತ್ತಿದ್ದಳು. ಏನಾಯ್ತು ಅಂತ ಕೇಳಿದರೆ ಮುಖ ನೋಡುತ್ತಿದ್ದಳು. ನಾವು 'ಚೆನ್ನಾಗಿ ಓದ್ತಾಳೆ' ಅನ್ನುವುದು ಅವಳನ್ನೇ ಅಲ್ವಾ? ಇಬ್ಬರಿಗೂ ಸಹಾಯ ಬೇಕಿತ್ತು, ಬೇರೆ ಬೇರೆ ರೀತಿಯದು.

ಬೀರುವಿನಲ್ಲಿದ್ದ ಪುಸ್ತಕಗಳನ್ನೆಲ್ಲ ತೆಗೆದು, ಗೋಡೆಗೆ ದಾರ ಕಟ್ಟಿ, ಮುಖಪುಟ ಕಾಣುವ ಹಾಗೆ ಕ್ಲಿಪ್ ಹಾಕಿ ಒಂದು ದಿನ ತೂಗುಹಾಕಿದೆ. ಮಕ್ಕಳು ಪುಸ್ತಕವನ್ನು ಬೆನ್ನು ನೋಡಿ ಆರಿಸುವುದಿಲ್ಲ, ಚಿತ್ರ ನೋಡಿ ಆರಿಸುತ್ತಾರೆ. ಯಾರಿಗೆ ಯಾವುದು ಬೇಕೋ ತಗೊಳ್ಳಿ ಅಂದೆ. ಅವನು ಜೇಡದ ಪುಸ್ತಕ ತೆಗೆದುಕೊಂಡು ಮೂಲೆಗೆ ಹೋದ. ಅವನ ಮಟ್ಟಕ್ಕೆ ಅದು ಕಷ್ಟದ್ದೇ. ಆದರೂ ನಾನು ಬದಲಾಯಿಸಲು ಹೋಗಲಿಲ್ಲ. ಬೇಕು ಅಂತ ತೆಗೆದುಕೊಂಡ ಪುಸ್ತಕದ ಜೊತೆ ಮಕ್ಕಳು ಎಷ್ಟು ಗುದ್ದಾಡುತ್ತಾರೆ ಅನ್ನುವುದನ್ನು ನೋಡಿಯೇ ನಂಬಬೇಕು.

ಪಕ್ಕದಲ್ಲಿ ಹೋಗಿ ಕೂತೆ. ಜೇಡದ ಮುಖದ ದೊಡ್ಡ ಚಿತ್ರದ ಮೇಲೆ ಬಗ್ಗಿದ್ದ. ಬೆರಳು ಸಾಲಿನ ಮೇಲೆ ನಿಂತಿತ್ತು.

"ಎಂ... ಟು. ಎಂಟು. ಕ... ಣು. ಕಣು?"

ಒತ್ತಕ್ಷರ ಬಿಟ್ಟುಹೋಗಿತ್ತು. ನಮ್ಮ ಲಿಪಿಯಲ್ಲಿ ಒತ್ತು ಸಾಲಿನ ಕೆಳಗೆ ಕೂತಿರುತ್ತದೆ. ಸಾಲಿನ ಜೊತೆ ಓಡುವ ಕಣ್ಣು ಕೆಳಗಿಳಿದು ಮತ್ತೆ ಮೇಲೆ ಬರಬೇಕು. 'ರ್' ಸೂಚಿಸುವ ಅರ್ಕಾವತ್ತು ಇನ್ನೂ ಕಷ್ಟ. ಗುರುತು ಅಕ್ಷರದ ನಂತರ, ಉಚ್ಚಾರ ಅಕ್ಷರಕ್ಕಿಂತ ಮೊದಲು. 'ಸೂರ್ಯ'ವನ್ನು 'ಸೂಯರ' ಅಂತ ಓದುವ ಮಗು ತಪ್ಪಲ್ಲ, ಕಂಡ ಕ್ರಮದಲ್ಲೇ ಓದುತ್ತಿದೆ. ಇದನ್ನು ತಿಳಿಯದೆ ಮಕ್ಕಳನ್ನು ದಡ್ಡರು ಅಂದುಬಿಡುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಪದ ನಾನು ಹೇಳಿಕೊಡಲಿಲ್ಲ. "ಕಣು ಅಂದ್ರೆ ಏನು ಮರಿ?" ಅಂದೆ. ಚಿತ್ರ ನೋಡಿದ. ಪದ ನೋಡಿದ. ಬೆರಳು ಮೆಲ್ಲಗೆ ಒತ್ತಿನ ಕೆಳಗೆ ಇಳಿಯಿತು.

"ಕಣ್ಣು! ಎಂಟು ಕಣ್ಣಾ, ಮಿಸ್?"

ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣು ಹೌದು ಅಂದೆ. ಅವನಿಗೆ ನನ್ನ ಮಾತು ಸಾಕಾಗಲಿಲ್ಲ. ಚಿತ್ರದ ಕಣ್ಣುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದ. ಆಮೇಲೆ ಓದಿದ್ದನ್ನು ಯಾರಿಗೆ ಹೇಳಲಿ ಅಂತ ತರಗತಿಯೆಲ್ಲ ಸುತ್ತಿದ. ಸರಸರನೆ ಓದುವ ಹುಡುಗಿಯ ಮುಂದೆ ಪುಟ ಹಿಡಿದು "ಮುಂದಿನ ಸಾಲು ಓದು" ಅಂದ. ಅವಳು ಓದಿದಳು. "ಅಂದ್ರೆ ಏನು?" ಅಂತ ಅವನು ಕೇಳಿದ. ಅವಳು ಮತ್ತೆ ಓದಿದಳು, ಈ ಸಲ ನಿಧಾನವಾಗಿ. ಆವತ್ತಿನಿಂದ ಇಬ್ಬರನ್ನೂ ಜೋಡಿ ಓದಿಗೆ ಕೂರಿಸುತ್ತಿದ್ದೇನೆ.

ಸಂಜೆ ಅವನ ತಾಯಿ ಕರೆದುಕೊಂಡು ಹೋಗಲು ಬಂದರು. ಪುಸ್ತಕ ಮನೆಗೆ ಕೊಡುತ್ತೇನೆ ಅಂದಾಗ ಹಿಂಜರಿದರು. "ನನಗೆ ಓದೋಕೆ ಬರಲ್ಲ ಮಿಸ್, ಹೇಗೆ ಹೇಳ್ಕೊಡ್ಲಿ?"

"ನೀವು ಹೇಳ್ಕೊಡೋದು ಬೇಡಮ್ಮ. ಅವನು ಓದ್ತಾನೆ, ನೀವು ಕೇಳಿ. ಗೊತ್ತಾಗದಿದ್ರೆ 'ಅದೇನು' ಅಂತ ಅವನನ್ನೇ ಕೇಳಿ."

"ಹರಿದು ಹಾಕಿದ್ರೆ?"

"ಅಂಟಿಸೋಣ," ಅಂದೆ. ಹುಡುಗ ಆಗಲೇ ಪುಸ್ತಕ ಚೀಲಕ್ಕೆ ಹಾಕಿಕೊಂಡಿದ್ದ.