ಆಟಿಯಲ್ಲಿ ಬಡಿಸುವ ಕೆಲಸವಿಲ್ಲ

2025 ಆಗಸ್ಟ್ 10, ಭಾನುವಾರ
ಕೊಣಾಜೆ, ಮಂಗಳೂರು

ಬೆಳಿಗ್ಗೆ ಬಾಗಿಲ ಹಿಂದೆ ನೇತುಹಾಕಿದ್ದ ಬಿಳಿ ಶರ್ಟ್ ತೆಗೆದು ನೋಡಿದೆ. ಕಾಲರಿನ ಸುತ್ತ ಕಪ್ಪು ಚುಕ್ಕಿ. ಬೂಷ್ಟು ಹಿಡಿದಿದೆ. ಹೊಟ್ಟೆಯ ಹತ್ತಿರ ಸಾಂಬಾರಿನ ಹಳೇ ಕಲೆ ಬೇರೆ. ಈ ಶರ್ಟ್ ಹಾಕಿ ಹತ್ತಿರ ಹತ್ತಿರ ಒಂದು ತಿಂಗಳಾಯಿತು. ಸಂಪಾದನೆ ನಿಂತೂ ಅಷ್ಟೇ ಆಯಿತು.

ರಜೆಯ ದಿನ ಕ್ಯಾಟರಿಂಗ್‌ನವರ ಜೊತೆ ಬಡಿಸಲು ಹೋಗುತ್ತೇನೆ. ನಮ್ಮ ಎಂ.ಎ. ಕ್ಲಾಸಿನಿಂದಲೇ ಐದು ಜನ ಇದ್ದೇವೆ. ಕಪ್ಪು ಪ್ಯಾಂಟ್, ಬಿಳಿ ಶರ್ಟ್. ಒಂದು ಹೊತ್ತಿಗೆ 500 ರೂಪಾಯಿ, ಮೇಲೆ ಊಟ. ಹೊಸಬರ ಕೈಗೆ ಉಪ್ಪು, ಉಪ್ಪಿನಕಾಯಿ ಕೊಡುವುದು ರೂಢಿ. ನನಗೆ ಮೊದಲ ದಿನವೇ ಸಾರಿನ ಬಕೆಟ್ ಕೊಟ್ಟಿದ್ದರು. ಅನ್ನದ ರಾಶಿಗೆ ಗುಂಡಿ ಮಾಡಿಕೊಂಡು ಜನ ಕಾಯುತ್ತಿರುತ್ತಾರೆ. ಒಂದು ಸೌಟು ಹಾಕಿ ಮುಂದೆ ಹೋದರೆ ಹಿಂದಿನಿಂದ ‘ಇನ್ನು ಸ್ವಲ್ಪ’. ಹಂತಿಯ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಎಲೆಯವರಿಗೆ ಮತ್ತೆ ಸಾರು ಬೇಕು. ಆ ರಾತ್ರಿ ಸೊಂಟ ನೆಟ್ಟಗೆ ಮಾಡಲು ಆಗಲಿಲ್ಲ.

ಮನೆಯಿಂದ ತಿಂಗಳಿಗೆ 4,000 ಬರುತ್ತದೆ. ರೂಮಿನ ಪಾಲು 2,000. ಅಕ್ಕಿ, ಗ್ಯಾಸ್, ತರಕಾರಿ ಸೇರಿ 2,300. ಬಸ್ಸು, ಜೆರಾಕ್ಸ್, ರೀಚಾರ್ಜ್ ಅಂತ 1,200. ಒಟ್ಟು 5,500. ಅಂದರೆ ತಿಂಗಳಿಗೆ ಮೂರು ಕಾರ್ಯಕ್ರಮ ಸಿಕ್ಕಿದರೆ ಸರಿಹೋಗುತ್ತದೆ. ಮೇ ತಿಂಗಳಲ್ಲಿ ಒಂಬತ್ತು ಸಿಕ್ಕಿತ್ತು, ರಾಜನ ಹಾಗಿದ್ದೆ. ಮಿಕ್ಕಿದ್ದೆಲ್ಲ ಫೋನಿನ ಡಿಸ್ಪ್ಲೇಗೆ ಹೋಯಿತು, ಆ ಕಥೆ ಬೇಡ.

ಮಧ್ಯಾಹ್ನ ಮೂಡಿಗೆರೆಯಿಂದ ಅಮ್ಮನ ಫೋನ್. “ವರಮಹಾಲಕ್ಷ್ಮಿ ಹಬ್ಬನೂ ಮುಗೀತು. ಇಲ್ಲಿ ಮದುವೆಗಳು ಶುರುವಾಗಿವೆ. ನಿಂಗಿನ್ನೂ ಕೆಲ್ಸ ಇಲ್ವೇನೋ?”

ಅದೇ ತಮಾಷೆ. ಘಟ್ಟದ ಮೇಲೆ ನಮ್ಮದು ಚಂದ್ರನ ಲೆಕ್ಕ. ಜುಲೈ 24ರ ಅಮಾವಾಸ್ಯೆಗೆ ಆಷಾಢ ಮುಗಿದು ಮಾರನೇ ದಿನವೇ ಶ್ರಾವಣ. ಇಲ್ಲಿ ತುಳುವರದು ಸೂರ್ಯನ ಲೆಕ್ಕ. ಜುಲೈ ನಡುವಿಗೆ ಹಿಡಿದ ಆಟಿ ತಿಂಗಳು ಬಿಡುವುದು ಆಗಸ್ಟ್ 17ರ ಸಿಂಹ ಸಂಕ್ರಮಣಕ್ಕೆ. ಅಲ್ಲಿಯವರೆಗೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಎರಡು ಪಂಚಾಂಗದ ನಡುವಿನ ಮೂರು ವಾರ ನನ್ನ ಜೇಬಿನ ಮೇಲೆ ಬಿದ್ದಿದೆ. ಕ್ಯಾಟರಿಂಗ್ ಅಣ್ಣನಿಗೆ ಜುಲೈ ಕೊನೆಯಲ್ಲಿ ಫೋನ್ ಮಾಡಿದ್ದಕ್ಕೆ “ಆಟಿಯಲ್ಲಿ ಎಂಥ ಕೆಲಸ ಮಾರಾಯ? ಊರಿಗೆ ಹೋಗಿ ಮಲಗು” ಅಂದಿದ್ದರು.

ಹಾಗಾಗಿ ಈಗ ಗಂಜಿ ಊಟ. ಬಂಟ್ವಾಳದ ರೂಮ್‌ಮೇಟ್ ಮನೆಯಿಂದ ಕುಚ್ಚಲಕ್ಕಿ ತರುತ್ತಾನೆ. ಅದು ಬೇಯಲು ಗ್ಯಾಸ್ ಜಾಸ್ತಿ ಬೇಕು ಅಂತ ನನ್ನ ತಕರಾರು. ರಾತ್ರಿ ಒಂದು ಕುದಿ ಬರಿಸಿ, ಮುಚ್ಚಿ, ಹಳೇ ಬೆಡ್‌ಶೀಟ್ ಸುತ್ತಿಡುತ್ತೇವೆ. ಬೆಳಿಗ್ಗೆ ಇನ್ನೊಂದು ಕುದಿ ಸಾಕು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇದ್ದಾಗ ಬಂಗುಡೆಯ ರೇಟ್ ಕೇಳಿಯೇ ವಾಪಸ್ ಬಂದಿದ್ದೆ. ಈಗ ದೋಣಿಗಳು ಇಳಿದಿವೆ. ಮೊನ್ನೆ ತೊಕ್ಕೊಟ್ಟಿನಲ್ಲಿ ಮೂವರೂ ದುಡ್ಡು ಹಾಕಿ ನಾಲ್ಕು ತಂದೆವು. ನಾಲ್ಕನೆಯದಕ್ಕೆ ಜಗಳವಾಯಿತು.

ಪೇಟೆಗೆ ಹೋಗುವುದೂ ಕಡಿಮೆ ಮಾಡಿದ್ದೇನೆ. ಶಕ್ತಿ ಯೋಜನೆ ಇದೆಯಲ್ಲ, ನಿಮಗೇನು ಅಂತ ಕ್ಲಾಸಿನ ಹುಡುಗಿಯರನ್ನು ಒಮ್ಮೆ ಚುಡಾಯಿಸಿ ಬೈಸಿಕೊಂಡೆ. ಈ ದಾರಿಯಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. ಅದರಲ್ಲಿ ಅವರಿಗೂ ಟಿಕೆಟ್ ಉಂಟು.

ಸಂಜೆ ಕ್ಯಾಟರಿಂಗ್ ಅಣ್ಣನ ಮೆಸೇಜ್ ಬಂತು. 20ಕ್ಕೆ ಮದುವೆ, ಹದಿನೈದು ಜನ ಬೇಕು. ಬುಧವಾರ! ಅವತ್ತು ಬೆಳಿಗ್ಗೆ ಇಂಟರ್ನಲ್ ಪರೀಕ್ಷೆ ಇದೆ. ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆಮೇಲೆ ಹಿಂದಿನ ರಾತ್ರಿಯ ಮೆಹಂದಿಗೆ ಬರಲಾ ಎಂದು ಕೇಳಿದೆ.

“ಬಾ. ಶೂ ಹಾಕ್ಕೊಂಡು ಬಾ ಆಯ್ತಾ, ಹೋದ ಸಲದ ಹಾಗೆ ಚಪ್ಪಲಿ ಬೇಡ.”

ಶರ್ಟ್‌ಗೆ ನಿಂಬೆಹಣ್ಣು ಉಜ್ಜಿ ನೆನೆಹಾಕಿದ್ದೇನೆ. ಈ ಮಳೆಯಲ್ಲಿ ಒಣಗಲು ಒಂಬತ್ತು ದಿನ ಸಾಕಾಗಬಹುದು.